ಹೊಸಬನ ಬಾಯಲ್ಲಿ ತನ್ನದೇ ಮಾತು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಆಕೆಗೆ 32 ವರ್ಷ. ಬೇರೆ ದೇಶದ ಕಂಪನಿಯ ಗ್ರಾಹಕರ ಕರೆಗಳನ್ನು ಗುತ್ತಿಗೆ ಹಿಡಿದ ಕಾಲ್ ಸೆಂಟರಿನಲ್ಲಿ 9 ವರ್ಷದ ಅನುಭವ. ನಿದ್ದೆ ಬರುತ್ತಿಲ್ಲ ಎಂದು ನನ್ನ ಬಳಿ ಆಪ್ತಸಲಹೆಗೆ ಬಂದಿದ್ದರು. ರಾತ್ರಿ ಪಾಳಿಯವರ ಮಾಮೂಲಿ ದೂರು ಅಂದುಕೊಂಡೆ. ತಪ್ಪು ನನ್ನದೇ.

ನನ್ನ ಪ್ರತಿ ಪ್ರಶ್ನೆಗೂ ಮೊದಲು "ಖಂಡಿತ, ಹೇಳ್ತೀನಿ" ಅನ್ನುತ್ತಿದ್ದರು, ದನಿಯಲ್ಲಿ ನಗು ಇಟ್ಟುಕೊಂಡೇ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಅಳುತ್ತಿದ್ದ ಅಮ್ಮನಿಗೆ "ನಿಮಗಾದ ತೊಂದರೆಗೆ ವಿಷಾದವಿದೆ" ಅಂದುಬಿಟ್ಟರಂತೆ. ಅಮ್ಮನಿಗೆ, ಅದೂ ಬಹುವಚನದಲ್ಲಿ! ಅದನ್ನು ಹೇಳುವಾಗಲೂ ನಕ್ಕರು.

"ಈಗ ಸುಲಭದ ಕರೆಯೇ ಬರಲ್ಲ ಮೇಡಂ. ಪಾಸ್‌ವರ್ಡು, ವಿಳಾಸ ಬದಲಾವಣೆ ಎಲ್ಲ ತಾನೇ ಉತ್ತರಿಸೋ ಬಾಟ್ ನೋಡಿಕೊಳ್ಳುತ್ತೆ. ಅದರ ಜೊತೆ ಗುದ್ದಾಡಿ ಸಾಕಾಗಿ 'ಮನುಷ್ಯರನ್ನ ಕೊಡಿ' ಅಂತ ಕಿರುಚಿದವರು ನನ್ನ ಪಾಲಿಗೆ." ಮೊದಲೆಲ್ಲ ಎರಡು ಜಗಳದ ಕರೆಗಳ ನಡುವೆ ಬರುವ ಪಾಸ್‌ವರ್ಡ್ ಕರೆಯೇ ವಿಶ್ರಾಂತಿ. ಕರೆ ಮುಗಿದ ಮೇಲೆ ಟಿಪ್ಪಣಿ ಬರೆಯಲು ಸಿಗುತ್ತಿದ್ದ ನಿಮಿಷವೂ ಹೋಯಿತು, ಎಐ ಬರೆದುಬಿಡುತ್ತದೆ. ಕರೆಗಳ ಗುಣಮಟ್ಟ ಪರೀಕ್ಷಿಸುವ ಕ್ಯೂಎಯವರು ತಿಂಗಳಿಗೆ ನಾಲ್ಕೈದು ಕರೆ ಕೇಳುತ್ತಿದ್ದ ಕಡೆ ಈಗ ಪ್ರತಿ ಕರೆಗೂ ಯಂತ್ರ ಅಂಕ ಕೊಡುತ್ತದೆ.

ನಿಜವಾದ ನೋವು ಹೊರಬಿದ್ದದ್ದು ಮೂರನೇ ಭೇಟಿಯಲ್ಲಿ. ಪಕ್ಕದ ಸೀಟಿನ ಹುಡುಗ ಸೇರಿ ಎರಡೇ ತಿಂಗಳು. ಸ್ಕ್ರೀನಿನಲ್ಲಿ ಎಐ ಮೂಡಿಸಿದ ಸಲಹೆ ಓದಿ ರೇಗಿದ ಗ್ರಾಹಕನನ್ನು ತಣ್ಣಗೆ ಮಾಡಿದ. "'ಮೊದಲು ದುಡ್ಡು ಎಲ್ಲಿದೆ ನೋಡೋಣ, ತಪ್ಪು ಯಾರದು ಅಂತ ಆಮೇಲೆ ನೋಡೋಣ.' ಅದು ನನ್ನ ಮಾತು ಮೇಡಂ. ವರ್ಷಗಟ್ಟಲೆ ನಾನು ಹೇಳಿದ್ದು."

ಹೊಟ್ಟೆಕಿಚ್ಚೇನೋ ಎಂದು ನಾಚಿಕೊಂಡಿದ್ದರು. ಅಲ್ಲ ಎಂದೆ. 5,179 ಗ್ರಾಹಕ ಸೇವಾ ಸಿಬ್ಬಂದಿಯ ಬಗ್ಗೆ 2023ರಲ್ಲಿ ಹೊರಬಂದ ಅಧ್ಯಯನವೊಂದಿದೆ. ಸಲಹೆ ಕೊಡುವ ಎಐ ಬಂದ ಮೇಲೆ ಗಂಟೆಗೆ ಬಗೆಹರಿದ ದೂರುಗಳು ಸರಾಸರಿ ಶೇ. 14 ಹೆಚ್ಚಿದವು, ಹೊಸಬರಲ್ಲಿ ಶೇ. 34. ನುರಿತವರಿಗೆ ಹೆಚ್ಚೇನೂ ಲಾಭವಾಗಲಿಲ್ಲ. ನುರಿತವರ ವರಸೆಯೇ ಯಂತ್ರದ ಮೂಲಕ ಹೊಸಬರಿಗೆ ದಾಟಿರಬೇಕು ಎಂಬುದು ಸಂಶೋಧಕರ ವಿವರಣೆ. ಆಕೆ ಬಹಳ ಹೊತ್ತು ಸುಮ್ಮನಿದ್ದರು.

"ಕೆಲಸ ಹೋಗುತ್ತಾ?"

ಹೋಗಲ್ಲ ಎಂಬ ಸುಳ್ಳು ಭರವಸೆ ಕೊಡಲಿಲ್ಲ. ತನ್ನ ಬಾಟ್ 700 ಜನರಷ್ಟು ಕೆಲಸ ಮಾಡುತ್ತಿದೆ ಎಂದು 2024ರಲ್ಲಿ ಹೇಳಿದ ಸ್ವೀಡನ್ನಿನ ಪಾವತಿ ಕಂಪನಿ ಕ್ಲಾರ್ನಾ, ಮರುವರ್ಷ ಗುಣಮಟ್ಟ ಕುಸಿಯಿತೆಂದು ಒಪ್ಪಿ ಮತ್ತೆ ಮನುಷ್ಯರನ್ನು ಹುಡುಕಿತು. ಎರಡನ್ನೂ ಹೇಳಿದೆ.

ನಾನು ಕೊಟ್ಟ ಸಲಹೆ: ಟೀಮ್ ಲೀಡ್ ಹತ್ತಿರ "ಒತ್ತಡ ಆಗ್ತಿದೆ" ಎಂದಷ್ಟೇ ಹೇಳಬೇಡಿ, ಲೆಕ್ಕ ಒಯ್ಯಿರಿ. ಬಾಟ್‌ನಿಂದ ಕೆರಳಿ ಬಂದ ಕರೆ ಎಷ್ಟು, ಒಂದೊಂದಕ್ಕೂ ಎಷ್ಟು ನಿಮಿಷ ಹಿಡಿಯಿತು, ಒಂದು ವಾರ ಬರೆದಿಡಿ. ಸುಲಭದ ಕರೆಗಳಿದ್ದ ಕಾಲದ ಎಎಚ್‌ಟಿ (ಒಂದು ಕರೆಗೆ ಹಿಡಿಯುವ ಸರಾಸರಿ ಸಮಯ) ಗುರಿಯನ್ನು ಈಗಿನ ಕರೆಗಳಿಗೆ ಹೇರಬೇಡಿ ಎಂದು ಕೇಳಿ. ಕೆಟ್ಟ ಕರೆಯ ನಂತರ ಎರಡು ನಿಮಿಷ ಬಿಡುವನ್ನು ಬರವಣಿಗೆಯಲ್ಲೇ ಕೇಳಿ. ಬಾಟ್ ಎಲ್ಲೆಲ್ಲಿ ಎಡವುತ್ತದೆ ಎಂಬ ಪಟ್ಟಿಯನ್ನೂ ಇಟ್ಟುಕೊಳ್ಳಿ, ತರಬೇತಿ ವಿಭಾಗಕ್ಕೆ ಅರ್ಜಿ ಹಾಕುವಾಗ ಬೇಕಾಗುತ್ತದೆ. ಹೆಡ್‌ಸೆಟ್ ತೆಗೆದ ಮೇಲೆ ಅರ್ಧ ಗಂಟೆ ಯಾರನ್ನೂ ಸಮಾಧಾನ ಮಾಡಲು ಹೋಗಬೇಡಿ.

ಬಿಡುವು ಸಿಗಲಿಲ್ಲ, ಗುರಿ ಮಾತ್ರ ತುಸು ಸಡಿಲವಾಯಿತು. ವಾರದಲ್ಲಿ ನಾಲ್ಕು ದಿನ ನಿದ್ದೆ ಬರುತ್ತಿದೆ. ಕಳೆದ ಭೇಟಿಗೆ ನಾನು ಸಮಯ ತಪ್ಪು ಹೇಳಿ ಅರ್ಧ ಗಂಟೆ ಕಾಯಿಸಿದೆ. "ಬೇಜಾರಾಯ್ತು ಮೇಡಂ" ಅಂದರು, ನಗದೆ.