ನಿಮ್ಮ ತಮ್ಮನ ಕಂಪ್ಯೂಟರ್ ಸರಿಯಾಗಿಯೇ ಇದೆ

ಓದುಗರ ಪತ್ರ: ನನ್ನ ತಮ್ಮನಿಗೆ ಕಣ್ಣು ಕಾಣಿಸುವುದಿಲ್ಲ. ಪಿಯುಸಿ ಓದುತ್ತಿದ್ದಾನೆ. ಕಂಪ್ಯೂಟರಿಗೆ ಎನ್‌ವಿಡಿಎ ಅಂತ ಪರದೆಯ ಮೇಲಿನದನ್ನು ಓದಿ ಹೇಳುವ ಸಾಫ್ಟ್‌ವೇರ್ ಹಾಕಿಕೊಟ್ಟಿದ್ದೇವೆ. ಬೇರೆ ಕಡೆಯ ಕನ್ನಡ ಓದುತ್ತದೆ, ನಿಮ್ಮ ಪತ್ರಿಕೆಯ ಪಿಡಿಎಫ್ ತೆರೆದರೆ ಮಾತ್ರ ಏನೇನೋ ಬಡಬಡಿಸುತ್ತದೆ. ಅಂಗಡಿಯವರು ದುಡ್ಡು ಕೊಟ್ಟು ಒಳ್ಳೆಯದನ್ನು ಕೊಳ್ಳಿ ಅಂತಾರೆ. ಕೊಳ್ಳಬೇಕಾ? ಇಲ್ಲ, ನಾನೇ ನಿಮ್ಮ ಲೇಖನಗಳನ್ನು ಟೈಪ್ ಮಾಡಿಕೊಟ್ಟರೆ ತಪ್ಪಾಗುತ್ತದಾ?
– ಒಬ್ಬ ಅಕ್ಕ, ಶಿರಸಿ

ಸಂಪಾದಕರ ಉತ್ತರ: ಕೊಳ್ಳಬೇಡಿ. ತಪ್ಪು ಸಾಫ್ಟ್‌ವೇರಿನದಲ್ಲ, ನಮ್ಮದು.

ನಿಮ್ಮ ಪತ್ರ ಬಂದ ದಿನವೇ ಕಚೇರಿಯ ಕಂಪ್ಯೂಟರಿಗೆ ಎನ್‌ವಿಡಿಎ ಇಳಿಸಿಕೊಂಡು ಕಳೆದ ಸಂಚಿಕೆ ತೆರೆದೆವು. ‘ಕನ್ನಡ’ ಎಂಬ ಪದದ ಮೇಲೆ ಬಾಣದ ಕೀಲಿ ಒತ್ತುತ್ತಾ ಒಂದೊಂದೇ ಅಕ್ಷರ ಸರಿದೆವು. ಅದು ಹೇಳಿದ್ದು: ಪಿ, ಎ ಗ್ರೇವ್, ಪೌಂಡ್. ಪುಟ ಕಟ್ಟುವ ಹುಡುಗನಿಗೆ ಮೊದಲು ನಗು ಬಂತು. ಎರಡು ಸಾಲು ಕೇಳುವಷ್ಟರಲ್ಲಿ ಎಲ್ಲರೂ ಸುಮ್ಮನಾಗಿದ್ದರು.

ಆಗಿರುವುದು ಇಷ್ಟೇ. ನಾವಿನ್ನೂ ಹಳೆಯ ‘ನುಡಿ’ ಫಾಂಟಿನಲ್ಲೇ ಪುಟ ಕಟ್ಟುತ್ತಿದ್ದೇವೆ. ಅಲ್ಲಿ ಕಡತದೊಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ಅವಕ್ಕೆ ಕನ್ನಡದ ವೇಷ ಹಾಕುವುದು ಫಾಂಟು. ನಮ್ಮ ಕಣ್ಣಿಗೆ ವೇಷ ಕಾಣುತ್ತದೆ. ಎನ್‌ವಿಡಿಎಯಂಥ ಸ್ಕ್ರೀನ್ ರೀಡರ್ ವೇಷ ನೋಡುವುದಿಲ್ಲ, ಒಳಗಿರುವುದನ್ನೇ ಓದುತ್ತದೆ. ಪೌಂಡಿನ ಗುರುತನ್ನು ಪೌಂಡ್ ಎನ್ನದೆ ‘ನ’ ಅಂತ ಹೇಗೆ ಓದೀತು? ಎಲ್ಲ ಭಾಷೆಗಳ ಅಕ್ಷರಕ್ಕೂ ಬೇರೆ ಬೇರೆ ಸಂಖ್ಯೆ ಕೊಡುವ ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಿ ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಖ್ಯೆಗಳಿವೆ. ಬೇರೆ ಕಡೆಯ ಕನ್ನಡ ಸರಿಯಾಗಿ ಕೇಳುವುದು ಅದಕ್ಕೇ. ಜಾಸ್ ಎಂಬ ದುಬಾರಿ ಸ್ಕ್ರೀನ್ ರೀಡರ್ ತಂದು ಹಾಕಿದರೂ ನಮ್ಮ ಪಿಡಿಎಫ್ ಹೀಗೇ ಕೈಕೊಡುತ್ತದೆ.

ಪುಕ್ಕಟೆ ಅಂತ ಎನ್‌ವಿಡಿಎಯನ್ನು ಹಗುರವಾಗಿ ನೋಡಬೇಡಿ. ಅದನ್ನು 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಶುರು ಮಾಡಿದರು, ಆಮೇಲೆ ಗೆಳೆಯ ಜೇಮ್ಸ್ ಟೆ ಜೊತೆಯಾದರು. ಇಬ್ಬರಿಗೂ ಕಣ್ಣು ಕಾಣಿಸುವುದಿಲ್ಲ. ಅದರ ಜೊತೆಗೇ ಬರುವ, ಪಠ್ಯವನ್ನು ಮಾತಾಗಿಸುವ ಈಸ್ಪೀಕ್‌ನ ಕನ್ನಡದ ದನಿ ಸ್ವಲ್ಪ ತಗಡು ಬಡಿದ ಹಾಗಿರುತ್ತದೆ, ನಿಜ. ಆದರೆ ರೂಢಿಯಾದವರು ಅದನ್ನೇ ನಾವು ಹಿಡಿಯಲಾರದ ವೇಗದಲ್ಲಿ ಓಡಿಸಿ ಕೇಳುತ್ತಾರೆ. ನಿಮ್ಮ ತಮ್ಮ ಕೀಲಿಮಣೆಯನ್ನು ಇನ್ನೂ ಕಲಿಯುತ್ತಿದ್ದರೆ ಇನ್ಸರ್ಟ್ ಜೊತೆ 1 ಒತ್ತಲಿ. ಆಮೇಲೆ ಯಾವ ಕೀಲಿ ಒತ್ತಿದರೂ ಅದರ ಹೆಸರು ಹೇಳುತ್ತದೆ, ಬೇರೇನೂ ಆಗುವುದಿಲ್ಲ. ಮತ್ತೆ ಅದನ್ನೇ ಒತ್ತಿದರೆ ಮೊದಲಿನಂತೆ. ಎಫ್ ಮತ್ತು ಜೆ ಮೇಲಿನ ಸಣ್ಣ ಉಬ್ಬುಗೆರೆಗೆ ಎರಡು ತೋರುಬೆರಳು ಇಟ್ಟರೆ ಉಳಿದ ಬೆರಳು ತಾವೇ ಜಾಗ ಹಿಡಿಯುತ್ತವೆ.

ಟೈಪ್ ಮಾಡಿಕೊಡುವುದು ತಪ್ಪಲ್ಲ. 2012ರ ಕಾಪಿರೈಟ್ ತಿದ್ದುಪಡಿ ಇದಕ್ಕೇ ದಾರಿ ಮಾಡಿಕೊಟ್ಟಿದೆ: ಅಂಗವಿಕಲರು ಓದಲು ಆಗುವ ರೂಪದಲ್ಲಿ ಪ್ರತಿ ಮಾಡಿದರೆ, ಲಾಭಕ್ಕೆ ಮಾರದಿದ್ದರೆ, ಅದು ಕಳ್ಳತನವಲ್ಲ. ಆದರೆ ಪೂರ್ತಿ ಟೈಪ್ ಮಾಡಿ ಕೈ ಯಾಕೆ ನೋಯಿಸಿಕೊಳ್ಳುತ್ತೀರಿ? ನುಡಿಯಿಂದ ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಒಮ್ಮೆ ಕಣ್ಣಾಡಿಸಿ, ಅರ್ಕಾವೊತ್ತು ಇರುವ ಕಡೆ ವಿಶೇಷವಾಗಿ. ನುಡಿಯಲ್ಲಿ ಅದು ಅಕ್ಷರದ ಆಮೇಲೆ ಬರುತ್ತದೆ, ಯೂನಿಕೋಡಿನಲ್ಲಿ ‘ರ್’ ಮೊದಲು ಬರಬೇಕು. ಸ್ಕ್ಯಾನ್ ಮಾಡಿದ ನೋಟ್ಸ್ ಆದರೆ ಗೂಗಲ್ ಡ್ರೈವ್‌ಗೆ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ. ಅಚ್ಚಿನ ಕನ್ನಡವನ್ನು ಬಹುಮಟ್ಟಿಗೆ ಪಠ್ಯ ಮಾಡಿಕೊಡುತ್ತದೆ. ಕೈಬರಹಕ್ಕೆ ಅದನ್ನು ನಂಬಬೇಡಿ.

ಇದೆಲ್ಲ ನೀವು ಮಾಡಬೇಕಾದ ಕೆಲಸವೇ ಅಲ್ಲ, ಅದು ನಮಗೂ ಗೊತ್ತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೂ ಮುದ್ರಣ ಮಾಧ್ಯಮ ಎಲ್ಲರಿಗೂ ಓದಲು ಸಿಗಬೇಕು ಅಂತಲೇ ಇದೆ. ಮುಂದಿನ ಸಂಚಿಕೆಯಿಂದ ಪುಟಗಳನ್ನು ಯೂನಿಕೋಡಿನಲ್ಲೇ ಕಟ್ಟುತ್ತೇವೆ. ಹಳೆಯ ಸಂಚಿಕೆಗಳನ್ನು ಹಿಂದಿನಿಂದ ಒಂದೊಂದಾಗಿ ಬದಲಿಸಬೇಕು. ಯಾವುದು ಮೊದಲು ಬೇಕು ಅಂತ ತಮ್ಮನನ್ನೇ ಕೇಳಿ ಬರೆಯಿರಿ. ಪದಬಂಧ ಮಾತ್ರ ಅವನಿಗೆ ಹೇಗೆ ಕೊಡುವುದೋ ನಮಗಿನ್ನೂ ಹೊಳೆದಿಲ್ಲ. ಅವನಿಗೆ ಉಪಾಯ ಗೊತ್ತಿದ್ದರೆ ಅದನ್ನೂ ಬರೆಯಲಿ.