ಆಯಿಲ್ ಮನೆಯೋ, ಗ್ಯಾಸ್ ಮನೆಯೋ?

ಮೈಸೂರಿನ ಕುವೆಂಪುನಗರದಿಂದ ನೀವು ಕೇಳಿದ್ದು ಇಷ್ಟು. ಜನವರಿ ಕೊನೆಗೆ ಕೆಲಸದ ಮೇಲೆ ಅಮೆರಿಕದ ಮ್ಯಾಸಚೂಸೆಟ್ಸ್‌ಗೆ, ವುಸ್ಟರ್ ಹತ್ತಿರಕ್ಕೆ ಹೊರಟಿದ್ದೀರಿ. ಜೊತೆಗೆ ಹೆಂಡತಿ, ಎರಡು ವರ್ಷದ ಮಗು. ಎರಡು ಬಾಡಿಗೆ ಮನೆ ಕಣ್ಣಿಗೆ ಬಿದ್ದಿವೆ. ಒಂದನ್ನು ಬಿಸಿ ಮಾಡುವುದು ಆಯಿಲ್‌ನಲ್ಲಿ, ಅಂದರೆ ಡೀಸೆಲ್‌ನಂಥ ಎಣ್ಣೆಯಲ್ಲಿ, ಇನ್ನೊಂದನ್ನು ಪೈಪ್ ಗ್ಯಾಸ್‌ನಲ್ಲಿ. ಆಯಿಲ್ ಮನೆಗೆ ಬಾಡಿಗೆ ತಿಂಗಳಿಗೆ 100 ಡಾಲರ್ ಕಡಿಮೆ. ಯಾವುದನ್ನು ಹಿಡಿಯುವುದು? ಇಲ್ಲಿಂದ ರೂಮ್ ಹೀಟರ್ ಒಯ್ಯಬೇಕಾ? ಸ್ವೆಟರ್ ಎಷ್ಟು? ರಾಗಿ ಹಿಟ್ಟು ಸಿಗುತ್ತದಾ?

ರಾಗಿ ಹಿಟ್ಟು ಸಿಗುತ್ತದೆ, ಚಿಂತೆ ಬೇಡ. ಹೀಟರ್ ಒಯ್ಯಬೇಡಿ. ನಮ್ಮದು 230 ವೋಲ್ಟ್, ಅಲ್ಲಿಯದು 120. ಇಲ್ಲಿಯ ಸ್ವೆಟರ್ ಅಲ್ಲಿ ಮನೆಯೊಳಗೆ ಹಾಕಿಕೊಳ್ಳಲು ಸಾಕು. ಹೊರಗಿನ ಜಾಕೆಟ್, ಬೂಟು ಅಲ್ಲೇ ಕೊಳ್ಳಿ. ಇನ್ನು ಉಳಿದದ್ದು ಮನೆ ಪ್ರಶ್ನೆ.

ನಾನು ಈಗ ಮಂಡ್ಯದಲ್ಲಿ ಅಕ್ಕನ ಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಡಿಸೆಂಬರ್ ಅಲ್ವಾ, ಬೆಳಗ್ಗೆ ವಾಕಿಂಗ್ ಹೋಗುವವರೆಲ್ಲ ಮಂಕಿ ಕ್ಯಾಪ್ ಹಾಕಿಕೊಂಡು ಓಡಾಡುತ್ತಿದ್ದಾರೆ. ನಾನು ಬರೀ ಅಂಗಿಯಲ್ಲಿ ನಿಂತರೆ ಅಕ್ಕ ಬೈಯುತ್ತಾಳೆ. ಅವಳ ಬಚ್ಚಲಲ್ಲಿ ಇನ್ನೂ ಹಂಡೆ ಒಲೆ ಇದೆ. ಉರಿಸುವುದು ತೆಂಗಿನ ಮಟ್ಟೆ, ಚಿಪ್ಪು. ನಾನು ಬೆಳೆದದ್ದು ಆಲೆಮನೆ ಪಕ್ಕ. ಹಿಂಡಿದ ಕಬ್ಬಿನ ಸಿಪ್ಪೆಯನ್ನೇ ಒಣಗಿಸಿ ಕೊಪ್ಪರಿಗೆ ಕೆಳಗೆ ತಳ್ಳುತ್ತಿದ್ದರು, ಉರುವಲಿಗೆ ಅಂತ ಯಾರೂ ಬೇರೆ ದುಡ್ಡು ಎತ್ತಿಡುತ್ತಿರಲಿಲ್ಲ. ನಿಮ್ಮ ಮನೆಯಲ್ಲೂ ಹೀಗೇ ಇದ್ದಿರಬೇಕು. ಅದಕ್ಕೇ ಈ ಖರ್ಚು ನಮ್ಮವರ ತಲೆಗೆ ಬೇಗ ಹೋಗುವುದಿಲ್ಲ.

ಮೊದಲು ಲೆಕ್ಕ. ಆಯಿಲ್ ಮಾರುವುದು ಗ್ಯಾಲನ್ ಲೆಕ್ಕದಲ್ಲಿ, ಅಂದರೆ 3.785 ಲೀಟರ್. ಗ್ಯಾಸ್ ಥರ್ಮ್ ಲೆಕ್ಕ. ಕರೆಂಟು ಯೂನಿಟ್ ಲೆಕ್ಕ. ಹಾಗಾಗಿ ಬೆಲೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಏನೂ ತಿಳಿಯುವುದಿಲ್ಲ. ಎಲ್ಲವನ್ನೂ ಬಿಟಿಯು ಅನ್ನುವ ಶಾಖದ ಅಳತೆಗೆ ತರಬೇಕು. ಒಂದು ಗ್ಯಾಲನ್ ಆಯಿಲ್‌ನಲ್ಲಿ ಸುಮಾರು 1,38,500 ಬಿಟಿಯು ಇದೆ. ಒಂದು ಥರ್ಮ್ ಗ್ಯಾಸ್ ಅಂದರೆ 1,00,000. ಒಂದು ಯೂನಿಟ್ ಕರೆಂಟು 3,412. ಇದರಲ್ಲಿ ಮನೆಗೆ ಸೇರುವುದೆಷ್ಟು, ಚಿಮಣಿಯಲ್ಲಿ ಹೋಗುವುದೆಷ್ಟು ಅಂತಲೂ ನೋಡಬೇಕು. ಬಾಯ್ಲರ್ ಅಂದರೆ ನೀರು ಕಾಯಿಸಿ ಕೋಣೆಗಳ ರೇಡಿಯೇಟರ್‌ಗೆ ಕಳಿಸುವ ಒಲೆ. ಹಳೇ ಆಯಿಲ್ ಬಾಯ್ಲರ್ ನೂರಕ್ಕೆ 80 ಕೊಟ್ಟರೆ ಹೊಸ ಗ್ಯಾಸ್ ಬಾಯ್ಲರ್ 95ರವರೆಗೂ ಕೊಡುತ್ತದೆ.

ಬೆಲೆ ದಿನಾ ಬದಲಾಗುತ್ತದೆ. ಉದಾಹರಣೆಗೆ ಆಯಿಲ್ 4 ಡಾಲರ್, ಗ್ಯಾಸ್ 2 ಡಾಲರ್, ಕರೆಂಟು 30 ಸೆಂಟ್ ಅಂತ ಇಟ್ಟುಕೊಳ್ಳಿ. ಮನೆಗೆ ಸೇರುವ ಒಂದು ಲಕ್ಷ ಬಿಟಿಯುಗೆ ಆಯಿಲ್‌ನಲ್ಲಿ ಸುಮಾರು 3.60 ಡಾಲರ್ ಬೀಳುತ್ತದೆ, ಗ್ಯಾಸ್‌ನಲ್ಲಿ 2.10. ಗೋಡೆ ಬುಡದಲ್ಲಿ ಉದ್ದಕ್ಕೆ ಕೂರಿಸಿರುವ ಕರೆಂಟ್ ಹೀಟರ್‌ನಲ್ಲಿ 8.80. ಅಂಥ ಮನೆ ತೋರಿಸಿದರೆ ಕೈಮುಗಿದು ಬನ್ನಿ. ಹೊರಗಿನ ಗಾಳಿಯ ಶಾಖವನ್ನೇ ಒಳಗೆ ಎಳೆದು ತರುವ ಹೀಟ್ ಪಂಪ್ ಆದರೆ ಬೇರೆ ಮಾತು. ಅದು ಒಂದು ಯೂನಿಟ್ ಕರೆಂಟಿಗೆ ಎರಡೂವರೆ ಪಾಲು ಶಾಖ ಒಳಗೆ ತಂದರೆ ಆಯಿಲ್‌ನಷ್ಟೇ ಖರ್ಚು. ಚಳಿ ಜಾಸ್ತಿಯಾದಷ್ಟೂ ಅದರ ಕೈ ಸೋಲುತ್ತದೆ.

ಈಗ ನಿಮ್ಮ ಎರಡು ಮನೆ. ಒಂದು ಚಳಿಗಾಲಕ್ಕೆ 600 ಗ್ಯಾಲನ್ ಸುಟ್ಟರೆ 2,400 ಡಾಲರ್. ಅಷ್ಟೇ ಶಾಖ ಗ್ಯಾಸ್‌ನಲ್ಲಿ ಸುಮಾರು 1,400ಕ್ಕೆ ಬರುತ್ತದೆ. ವ್ಯತ್ಯಾಸ 1,000. ಬಾಡಿಗೆಯಲ್ಲಿ ವರ್ಷಕ್ಕೆ 1,200 ಉಳಿಯುತ್ತದೆ. ಅಂದರೆ ಆಯಿಲ್ ಮನೆಯೇ ಒಂದು ಕೂದಲೆಳೆ ಅಗ್ಗ. ಆದರೆ ಆ ಮನೆ ಹಳೆಯದಾಗಿ, ಗೋಡೆಯೊಳಗೆ ಏನೂ ತುಂಬದೆ, ಕಿಟಕಿ ಸಂದಿಯಲ್ಲಿ ಗಾಳಿ ನುಗ್ಗುತ್ತಿದ್ದು 900 ಗ್ಯಾಲನ್ ಕುಡಿದರೆ 3,600 ಡಾಲರ್ ಆಯಿತು. ಆಗ ಬಾಡಿಗೆಯಲ್ಲಿ ಉಳಿಸಿದ್ದೂ ಹೋಯಿತು, ಮೇಲೆ ಸಾವಿರ ಕೈಯಿಂದಲೂ ಹೋಯಿತು. ನಮ್ಮ 14.2 ಕೆಜಿ ಅಡುಗೆ ಸಿಲಿಂಡರ್‌ನಲ್ಲಿ ಇರುವ ಶಾಖ ಸುಮಾರು 5 ಗ್ಯಾಲನ್ ಆಯಿಲ್‌ನಷ್ಟು. ಜನವರಿ ಚಳಿಯಲ್ಲಿ ಹಳೇ ಮನೆ ದಿನಕ್ಕೆ 5 ಗ್ಯಾಲನ್ ಸುಡುವುದು ದೊಡ್ಡ ಮಾತಲ್ಲ. ದಿನಕ್ಕೊಂದು ಸಿಲಿಂಡರ್! ಇದನ್ನು ಅಕ್ಕನಿಗೆ ಹೇಳಿದರೆ ಸುಮ್ನೆ ಬುರುಡೆ ಬಿಡ್ತಾನೆ ಅಂದಳು.

ಇನ್ನೊಂದು ವಿಷಯ. ಗ್ಯಾಸ್ ಬಿಲ್ ತಿಂಗಳು ಕಳೆದ ಮೇಲೆ ಬರುತ್ತದೆ. ಆಯಿಲ್‌ಗೆ ಸಾಮಾನ್ಯವಾಗಿ ತುಂಬಿಸಿದ ದಿನವೇ ದುಡ್ಡು ಕೊಡಬೇಕು. ಕಡಿಮೆ ಎಂದರೆ 100 ಗ್ಯಾಲನ್ ಕೊಳ್ಳಲೇಬೇಕು ಅನ್ನುವವರೇ ಹೆಚ್ಚು. ಅಡ್ವಾನ್ಸ್, ಮೊದಲ ಬಾಡಿಗೆ ಕೊಟ್ಟು ಕೈ ಬರಿದಾದ ವಾರದಲ್ಲೇ 400, 800 ಡಾಲರ್ ಎಣಿಸಬೇಕಾಗುತ್ತದೆ. ಉಕ್ರೇನ್ ಯುದ್ಧ ಶುರುವಾದ 2022ರಲ್ಲಿ ಗ್ಯಾಲನ್ ಬೆಲೆ 5 ಡಾಲರ್ ದಾಟಿ ಹೋಗಿತ್ತು.

ನನಗೆ ಪಾಠ ಕಲಿಸಿದ್ದು ಬೆಲೆ ಅಲ್ಲ. ನಾವು ಅಲ್ಲಿಗೆ ಹೋದದ್ದು 2014ರಲ್ಲಿ, ಚಳಿ ಶುರುವಾಗುವ ಮುಂಚೆ. ಮಾಲೀಕರೇ ಗೊತ್ತು ಮಾಡಿಕೊಟ್ಟ ಆಯಿಲ್ ಕಂಪನಿ, ಅದೂ ಆಟೋಮ್ಯಾಟಿಕ್ ಡೆಲಿವರಿ. ನಾವು ಫೋನ್ ಮಾಡುವ ಕೆಲಸವೇ ಇಲ್ಲ, ಖಾಲಿಯಾಗುವ ಮುಂಚೆ ಅವರೇ ಬಂದು ತುಂಬುತ್ತಾರೆ. ಅವರು ಟ್ಯಾಂಕ್ ನೋಡಿ ಬರುವುದಲ್ಲ. ದಿನದ ಸರಾಸರಿ ಉಷ್ಣತೆ 65 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಎಷ್ಟು ಕೆಳಗಿದೆ ಅಂತ ಕೂಡಿಸುತ್ತಾ ಹೋಗುತ್ತಾರೆ. ಹಿಂದಿನ ವರ್ಷ ಇಷ್ಟು ಚಳಿಗೆ ಈ ಮನೆ ಇಷ್ಟು ಸುಟ್ಟಿತ್ತು, ಹಾಗಾದರೆ ಈಗ ಇಷ್ಟು ಉಳಿದಿರಬೇಕು ಅನ್ನುವ ಅಂದಾಜು. ನಮಗಿಂತ ಮುಂಚೆ ಇದ್ದವರು ಒಂಟಿ ಮನುಷ್ಯ, ವಾರವೆಲ್ಲ ಊರಾಚೆ ಕೆಲಸ. ನಮ್ಮದು ಕೈಗೂಸು ಇದ್ದ ಮನೆ, ಬಾಯ್ಲರ್ ಹಗಲೂ ರಾತ್ರಿ ಉರಿಯುತ್ತಿತ್ತು. ಕಂಪನಿಯವರು ಅದನ್ನು ಕೇಳಲೂ ಇಲ್ಲ, ಲೆಕ್ಕ ತಿದ್ದಲೂ ಇಲ್ಲ.

2015ರ ಫೆಬ್ರವರಿ. ಆ ಸಲ ಬಾಸ್ಟನ್‌ನಲ್ಲಿ ಬಿದ್ದ ಹಿಮ 110 ಇಂಚು ದಾಟಿ ದಾಖಲೆಯಾಯಿತು. ಒಂದು ಭಾನುವಾರ ಬೆಳಗ್ಗೆ ಎದ್ದರೆ ರೇಡಿಯೇಟರ್ ತಣ್ಣಗಿದೆ. ಮನೆಯೊಳಗೆ 52 ಡಿಗ್ರಿ, ಅಂದರೆ ನಮ್ಮ 11. ಕಂಪನಿಗೆ ಫೋನ್ ಮಾಡಿದರೆ ಲಾರಿಗಳೆಲ್ಲ ಹೊರಗಿವೆ, ನಾಳೆ ಸಂಜೆ ಬರಬಹುದು ಅಂದರು. ಹೆಂಡತಿ ಮಗುವಿಗೆ ಇದ್ದಬದ್ದ ಬಟ್ಟೆಯೆಲ್ಲ ತೊಡಿಸಿ ಅಡುಗೆಮನೆಯಲ್ಲಿ ಕಂಬಳಿ ಹೊದ್ದು ಕೂತಳು.

ಪಕ್ಕದ ಮನೆಯ ಅಜ್ಜ ಮೊದಲು ಪ್ಲಂಬರ್ ಆಗಿದ್ದವರು. ಅವರೇ ಬೇಸ್‌ಮೆಂಟ್‌ಗೆ ಇಳಿದು ಟ್ಯಾಂಕ್ ನೋಡಿದರು. 275 ಗ್ಯಾಲನ್ ಟ್ಯಾಂಕ್ ಮೇಲೆ ಬೆರಳುದ್ದದ ಪ್ಲಾಸ್ಟಿಕ್ ಬುಡ್ಡಿ ಇರುತ್ತದೆ, ಒಳಗೊಂದು ಕೆಂಪು ಬಿಲ್ಲೆ. ಆ ಬಿಲ್ಲೆ ತಳಕ್ಕೆ ಕೂತಿತ್ತು. ಹೀಟಿಂಗ್ ಆಯಿಲ್ ಅಂದರೆ ಹೆಚ್ಚುಕಡಿಮೆ ಡೀಸೆಲ್ಲೇ, ರಸ್ತೆ ತೆರಿಗೆ ಇಲ್ಲದ್ದು ಅಂತ ಗುರುತಿಗೆ ಕೆಂಪು ಬಣ್ಣ ಬೆರೆಸಿರುತ್ತಾರೆ, ಅಷ್ಟೇ. ಪೆಟ್ರೋಲ್ ಬಂಕಿಗೆ ಹೋಗಿ ಎರಡು ಹಳದಿ ಕ್ಯಾನ್ ತುಂಬಾ ಡೀಸೆಲ್ ತಂದೆವು. ಟ್ಯಾಂಕ್ ತುಂಬಲು ಮನೆ ಹೊರಗಿರುವ ಪೈಪ್ ಬಾಯಿ ಹಿಮದೊಳಗೆ ಹೂತಿತ್ತು, ಅಗೆದು ತೆಗೆದು ಸುರಿದೆವು. ಆಮೇಲೆ ಅಜ್ಜ, ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿ ಹೋಗಲಿ ಅಂತ, ಬರ್ನರ್ ಪಕ್ಕದ ಸಣ್ಣ ಸ್ಕ್ರೂ ಸಡಿಲಿಸಿ, ಅದರ ಬಾಯಿಗೆ ಕಾಫಿ ಡಬ್ಬ ಹಿಡಿದು, ಬರ್ನರ್ ಮತ್ತೆ ಶುರು ಮಾಡುವ ಕೆಂಪು ಗುಂಡಿಯನ್ನು ಒಂದೇ ಸಲ ಒತ್ತಲು ಹೇಳಿದರು. ಹತ್ತು ಸಲ ಒತ್ತಿದರೆ ಒಳಗೆ ಆಯಿಲ್ ತುಂಬಿಕೊಂಡು ಅಪಾಯವಂತೆ. ಮೊದಲು ಬರೀ ಗಾಳಿ, ಆಮೇಲೆ ನೊರೆ, ಆಮೇಲೆ ಸಣ್ಣಗೆ ಧಾರೆ ಬಿತ್ತು. ಸ್ಕ್ರೂ ಬಿಗಿದ ತಕ್ಷಣ ಬರ್ನರ್ ಗುಡುಗಿ ಹತ್ತಿಕೊಂಡಿತು.

ಮಂಗಳವಾರ ಕಂಪನಿಯ ಲಾರಿ ಬಂತು. ಬಿಲ್‌ನಲ್ಲಿ ಆಯಿಲ್ ಜೊತೆಗೆ ತುರ್ತು ಸೇವೆ ಅಂತ ಇನ್ನೊಂದು ಸಾಲು. ಮಾಡಿದ್ದು ಅಜ್ಜ, ದುಡ್ಡು ಇವರಿಗೆ. ಜಗಳ ಆಡಿ ತೆಗೆಸಲು ಬೇಸಿಗೆಯೇ ಬಂತು. ಇವತ್ತಿಗೂ ಆ ಸಾಲು ನೆನೆದರೆ ಮೈ ಉರಿಯುತ್ತದೆ.

ನಿಮ್ಮ ಅಮ್ಮ ಹಾಲಿನವನ ಲೆಕ್ಕವನ್ನು ಕ್ಯಾಲೆಂಡರ್ ಮೇಲೆ ತಾವೇ ಗುರುತು ಹಾಕುತ್ತಿರಲಿಲ್ಲವೇ? ಆಯಿಲ್ ಮನೆ ಹಿಡಿದರೆ ಹಾಗೇ ಮಾಡಿ. ಆಟೋಮ್ಯಾಟಿಕ್ ಇರಲಿ, ಬಿಡಲಿ, ವಾರಕ್ಕೊಮ್ಮೆ ಕೆಳಗಿಳಿದು ಬಿಲ್ಲೆ ಎಲ್ಲಿದೆ ಅಂತ ಬರೆದಿಡಿ. ಕಾಲು ಭಾಗಕ್ಕೆ ಬಂದರೆ ಫೋನ್ ಮಾಡಿ. ಹಿಮ ಬಿದ್ದಾಗ ಪೈಪಿನವರೆಗೆ ದಾರಿ ಮಾಡಿಡಿ, ಇಲ್ಲದಿದ್ದರೆ ಲಾರಿಯವನು ವಾಪಸ್ ಹೋಗುತ್ತಾನೆ. ತುಂಬುವಾಗ ಟ್ಯಾಂಕ್ ಸಿಳ್ಳೆ ಹಾಕುತ್ತಿರುತ್ತದೆ, ಸಿಳ್ಳೆ ನಿಂತರೆ ತುಂಬಿತು ಅಂತ. ನಾನೀಗ ಇಲ್ಲಿದ್ದರೂ ಅಲ್ಲಿ ಮನೆ ಎಷ್ಟು ಬಿಸಿ ಇರಬೇಕು ಅಂತ ಗೊತ್ತುಮಾಡುವ ಥರ್ಮೋಸ್ಟಾಟ್ 58 ಡಿಗ್ರಿಗೆ ಇಟ್ಟು, ಪಕ್ಕದವರಿಗೆ ಬೀಗದ ಕೈ ಕೊಟ್ಟು ಬಂದಿದ್ದೇನೆ. 55ಕ್ಕಿಂತ ಕೆಳಗೆ ಇಳಿಸಬೇಡಿ. ನೀರಿನ ಪೈಪ್ ಹೆಪ್ಪುಗಟ್ಟಿ ಒಡೆದರೆ ಆಯಿಲ್‌ನಲ್ಲಿ ಉಳಿಸಿದ್ದೆಲ್ಲ ನೀರು ಪಾಲು.

ಕರಾರು ಸರಿಯಾಗಿ ಓದಿ. ಆ ರಾಜ್ಯದಲ್ಲಿ ಉರುವಲಿನ ಖರ್ಚು ಬಾಡಿಗೆದಾರರದು ಅಂತ ಬರವಣಿಗೆಯಲ್ಲಿ ಇದ್ದರೆ ಮಾತ್ರ ನಿಮ್ಮದು, ಇಲ್ಲದಿದ್ದರೆ ಮಾಲೀಕರದು. ಮನೆಯಲ್ಲಿ ಹಗಲು 68 ಡಿಗ್ರಿ, ರಾತ್ರಿ 64 ಡಿಗ್ರಿವರೆಗೆ ಬಿಸಿಯಾಗುವ ವ್ಯವಸ್ಥೆ ಇರಲೇಬೇಕು ಅನ್ನುವುದೂ ಕಾನೂನು. ನಮ್ಮವರು ಮಾಲೀಕರ ಹತ್ತಿರ ಬಾಯಿಬಿಡಲು ಸಂಕೋಚ ಪಡುತ್ತಾರೆ. ಅಲ್ಲಿ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಉರಿಯುವಾಗ ಹೊರಡುವ, ವಾಸನೆಯೇ ಇಲ್ಲದ ವಿಷಗಾಳಿ ಕಾರ್ಬನ್ ಮಾನಾಕ್ಸೈಡ್. ಅದರ ಅಲಾರಂ ಇದೆಯಾ, ಕೂಗುತ್ತದಾ ಅಂತ ಗುಂಡಿ ಒತ್ತಿ ನೋಡಿ. ಗ್ಯಾಸ್ ಮನೆಯಾದರೂ ಇದು ಬಿಡಬೇಡಿ.

ಈಗಲೇ ಮಾಡಬೇಕಾದ್ದು ಒಂದೇ. ಆಯಿಲ್ ಮನೆಯ ಮಾಲೀಕರಿಗೆ ಬರೆದು ಹೋದ ಚಳಿಗಾಲದ ಬಿಲ್‌ಗಳ ಫೋಟೋ ಕೇಳಿ. ಎಷ್ಟು ಗ್ಯಾಲನ್, ಮನೆಯಲ್ಲಿ ಎಷ್ಟು ಜನ ಇದ್ದರು ಅಂತಲೂ ಕೇಳಿ. 600ರ ಆಸುಪಾಸು ಇದ್ದರೆ ಧೈರ್ಯವಾಗಿ ಹಿಡಿಯಿರಿ. ಕಳಿಸಲು ಹಿಂದೆಮುಂದೆ ನೋಡಿದರೆ ಗ್ಯಾಸ್ ಮನೆಗೆ ಅಡ್ವಾನ್ಸ್ ಕೊಟ್ಟುಬಿಡಿ. ಫೋಟೋ ಬಂದರೆ ನನಗೂ ಕಳಿಸಿ. ಸಂಕ್ರಾಂತಿವರೆಗೂ ಮಂಡ್ಯದಲ್ಲೇ ಇರುತ್ತೇನೆ, ಕೂತು ಲೆಕ್ಕ ಹಾಕೋಣ.