ದಬ್ಬಣದಲ್ಲಿ ಹೊಲಿದ ಕಾದಂಬರಿ

ಪತ್ರ: ಸಂಪಾದಕರೇ, ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ನಮ್ಮ ಕಪಾಟಿನಲ್ಲಿ ಕುವೆಂಪು, ಬೇಂದ್ರೆ, ಕಾರಂತ ಎಲ್ಲರೂ ಇದ್ದಾರೆ. ನನ್ನ ಹೆಂಡತಿ ಮಾತ್ರ ಅತ್ತ ತಿರುಗಿಯೂ ನೋಡುವುದಿಲ್ಲ. ನಿಮ್ಮ ಪತ್ರಿಕೆ ಬಂದ ಕೂಡಲೇ ಧಾರಾವಾಹಿ ಪುಟಗಳನ್ನು ಹರಿದು ಎತ್ತಿಡುತ್ತಾಳೆ. ವರ್ಷಗಟ್ಟಲೆಯಿಂದ ಇದೇ ನಡೆದಿದೆ. ಬಡ ಹುಡುಗಿ, ಶ್ರೀಮಂತ ಹುಡುಗ, ಗಯ್ಯಾಳಿ ಅತ್ತೆ. ಇದನ್ನು ಓದು ಅನ್ನಬಹುದೇ? ಅಭಿರುಚಿ ತಿದ್ದಬೇಕಾದ ನೀವೇ ಇಂಥದ್ದನ್ನು ಅಚ್ಚು ಹಾಕಿದರೆ ಹೇಗೆ?
— ಒಬ್ಬ ಓದುಗರು, ದಾವಣಗೆರೆ

ಸಂಪಾದಕರ ಉತ್ತರ: ಮೇಷ್ಟ್ರೇ, ಮೊದಲು ನಿಮ್ಮ ಮಾತು ಒಪ್ಪಿಕೊಂಡುಬಿಡುತ್ತೇನೆ. ಧಾರಾವಾಹಿಗಳಲ್ಲಿ ಜೊಳ್ಳು ಇದೆ. ನಾಯಕ ಎಂಬತ್ತರ ದಶಕದಲ್ಲೂ ಕಾರಿನಿಂದಲೇ ಇಳಿಯುತ್ತಿದ್ದ, ಈಗಲೂ ಕಾರಿನಿಂದಲೇ ಇಳಿಯುತ್ತಾನೆ. ನಾಯಕಿ ಅತ್ತರೂ ಅವಳ ಕಾಡಿಗೆ ಕರಗುವುದಿಲ್ಲ. ಸರಿ, ಅಷ್ಟಾಯಿತು. ಇನ್ನು ನಾನು ನಿಮ್ಮ ಮನೆಯವರ ಪಕ್ಷ.

‘ಹರಿದು ಎತ್ತಿಡುತ್ತಾಳೆ’ ಅಂತ ನೀವು ಬೈದು ಬರೆದಿದ್ದೀರಿ. ನಾನು ಅದನ್ನು ಎರಡು ಸಲ ಓದಿದೆ. ಎತ್ತಿಟ್ಟು ಆಮೇಲೆ ಏನು ಮಾಡುತ್ತಾರೆ ಅಂತ ನೀವು ಯಾವತ್ತಾದರೂ ನೋಡಿದ್ದೀರಾ? ನಮ್ಮ ಅರಸೀಕೆರೆ ಮನೆಯಲ್ಲಿ ನನ್ನ ಸೋದರತ್ತೆ ಮಾಡುತ್ತಿದ್ದದ್ದು ನನಗೆ ಗೊತ್ತು. ವಾರವಾರ ಬಂದ ಕಂತುಗಳನ್ನು ಅಕ್ಕಿ ಡಬ್ಬದ ಕೆಳಗೆ ಒತ್ತಿಡುತ್ತಿದ್ದರು. ಕಾದಂಬರಿ ಮುಗಿದ ದಿನ ಗೋಣಿಚೀಲ ಹೊಲಿಯುವ ದಬ್ಬಣ ಹೊರಗೆ ಬರುತ್ತಿತ್ತು. ಮೂರು ತೂತು, ಟ್ವೈನ್ ದಾರ, ಮೇಲೆ ಹಳೇ ಕ್ಯಾಲೆಂಡರಿನ ಲಕ್ಷ್ಮಿ. ಬೆನ್ನಿಗೆ ಮೈದಾ ಅಂಟು. ಆ ಪುಸ್ತಕ ಇಡೀ ಕೇರಿ ಸುತ್ತಿ ಬರುತ್ತಿತ್ತು. ಬಂದಾಗ ಸಾಂಬಾರಿನ ಕಲೆ ಇರುತ್ತಿತ್ತು, ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ‘ಅಯ್ಯೋ ಪಾಪ’ ಅಂತ ಬರೆದಿರುತ್ತಿತ್ತು. ಎಲ್ಲೋ ಒಂದು ಕಡೆ ‘ಇವನಿಗೆ ಹೀಗೇ ಆಗಬೇಕು’ ಅಂತಲೂ. ಇದಕ್ಕಿಂತ ನೇರವಾದ ವಿಮರ್ಶೆ ನಾನು ಕಂಡಿಲ್ಲ.

ಅತ್ತೆ ಓದಿದ್ದು ಆರನೇ ಕ್ಲಾಸು. ಬಸ್ ಸ್ಟ್ಯಾಂಡಿನ ಹಿಂದೆ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿ ಇತ್ತು, ಪುಸ್ತಕಕ್ಕೆ ದಿನಕ್ಕೆ ಹತ್ತು ಪೈಸೆ ಬಾಡಿಗೆ. ಹೋಗಿ ತರುತ್ತಿದ್ದವನು ನಾನು. ಚೀಟಿ ಕೊಟ್ಟು ಕಳಿಸೋರು: ‘ತ್ರಿವೇಣಿಯದ್ದು, ಇಲ್ಲದಿದ್ದರೆ ಎಂ.ಕೆ. ಇಂದಿರಾ.’ ನನಗೆ ಅಂತ ಕದ್ದು ಒಂದು ಎನ್. ನರಸಿಂಹಯ್ಯನವರ ಪತ್ತೇದಾರಿ. ದಾರಿಯಲ್ಲೇ ಅರ್ಧ ಓದಿ, ಸೈಕಲ್ಲಿಗೆ ಅಡ್ಡ ಸಿಕ್ಕಿ ಬೈಸಿಕೊಂಡವನು ನಾನು. ಕಾರಂತರ ಹತ್ತಿರ ಆಮೇಲೆ ಬಂದೆ, ಮೇಷ್ಟ್ರೇ. ಪತ್ತೇದಾರ ಪುರುಷೋತ್ತಮನೇ ಕೈಹಿಡಿದು ಕರೆದುಕೊಂಡು ಬಂದ.

ನೀವು ‘ಇಂಥದ್ದು’ ಅಂತ ಒಂದೇ ಮೂಟೆ ಕಟ್ಟಿದ್ದೀರಿ. ಆ ಮೂಟೆ ಬಿಚ್ಚೋಣ. ತ್ರಿವೇಣಿ ಮನಃಶಾಸ್ತ್ರ ಓದಿದ್ದವರು. 1963ರಲ್ಲಿ ತೀರಿಕೊಂಡರು, ಆಗಿನ್ನೂ ನಲವತ್ತು ತುಂಬಿರಲಿಲ್ಲ. ‘ಶರಪಂಜರ’ದ ಕಾವೇರಿಗೆ ಬಾಣಂತನದ ಹೊತ್ತಿಗೆ ಬುದ್ಧಿ ಕೆಡುತ್ತದೆ. ಆಸ್ಪತ್ರೆಯಲ್ಲಿ ವಾಸಿಯೂ ಆಗುತ್ತದೆ. ಆದರೆ ಮನೆಗೆ ಬಂದ ಮೇಲೆ ಗಂಡ, ಅಕ್ಕಪಕ್ಕದವರು ಅವಳನ್ನು ನೋಡುವ ನೋಟ ವಾಸಿಯಾಗುವುದಿಲ್ಲ. ಇದನ್ನು ಅರವತ್ತು ವರ್ಷದ ಹಿಂದೆಯೇ ಬರೆದಿದ್ದರು. ನಮ್ಮಲ್ಲಿ ಇವತ್ತಿಗೂ ಎಷ್ಟು ಮನೆಯಲ್ಲಿ ಇದನ್ನು ಬಾಯಿಬಿಟ್ಟು ಆಡುತ್ತಾರೆ? ಅತ್ತೆಯ ಓರಗೆಯ ಒಬ್ಬಳಿಗೆ ಹಾಗೇ ಆಗಿತ್ತಂತೆ. ಅವಳನ್ನು ನೋಡಲು ಕೇರಿಯಿಂದ ಹೋದವರು ಅತ್ತೆ ಒಬ್ಬರೇ. ಯಾಕೆ ಹೋದಿರಿ ಅಂದರೆ, ‘ಕಾದಂಬರಿ ಓದಿದ್ದೆನಲ್ಲೋ’ ಅಂದರು.

ಅಭಿರುಚಿ ತಿದ್ದುವವರು ಆಗಲೂ ಇದ್ದರು ಬಿಡಿ. ಅನಕೃ ನೂರಕ್ಕೂ ಜಾಸ್ತಿ ಕಾದಂಬರಿ ಬರೆದರು. ವೇಶ್ಯೆಯರ ಬದುಕು ಬರೆದಾಗ ಅಶ್ಲೀಲ ಅಂತ ಮುಗಿಬಿದ್ದರು. ಅನಕೃ ಸುಮ್ನೆ ಕೂರಲಿಲ್ಲ, ಉತ್ತರವಾಗಿ ಒಂದು ಪುಸ್ತಕವನ್ನೇ ಬರೆದರು. ಹಾಸ್ಯ ಲೇಖಕ ಬೀಚಿಯವರಿಗೆ ಮೊದಲು ಕನ್ನಡ ಪುಸ್ತಕ ಅಂದರೆ ಅಷ್ಟಕ್ಕಷ್ಟೆ. ಅವರಿಗೆ ಕನ್ನಡದ ಹುಚ್ಚು ಹತ್ತಿಸಿದ್ದು ಇದೇ ಅನಕೃ ಅವರ ‘ಸಂಧ್ಯಾರಾಗ’. ಇನ್ನೂ ಹಿಂದೆ ಹೋದರೆ ಗಳಗನಾಥರು. ಕಾದಂಬರಿ ಬರೆದು, ಅಚ್ಚು ಹಾಕಿ, ಗಂಟು ಹೊತ್ತು ಊರೂರು ಅಲೆದು ಮಾರಿದವರು. ಓದುಗರು ತಾವಾಗಿ ಬರುತ್ತಾರೆ ಅಂತ ಅವರು ಕಾಯಲಿಲ್ಲ.

ಈಗ ಹಾಗೆ ಹೊರುವವರು ಯಾರು? 1965ರಲ್ಲೇ ನಮ್ಮಲ್ಲಿ ಗ್ರಂಥಾಲಯ ಕಾಯಿದೆ ಬಂತು. ಮನೆ ಕಂದಾಯದ ಮೇಲೆ ನೂರಕ್ಕೆ ಆರು ರೂಪಾಯಿ ಗ್ರಂಥಾಲಯ ಕರ ನೀವೂ ಕಟ್ಟುತ್ತೀರಿ, ನಾನೂ ಕಟ್ಟುತ್ತೇನೆ. ನಾನು ನೋಡಿದ ಒಂದು ಊರಿನ ಲೈಬ್ರರಿಯಲ್ಲಿ ಫ್ಯಾನು ತಿರುಗುತ್ತಿರಲಿಲ್ಲ, ಬೀರುವಿಗೆ ಬೀಗ. ಕೀಲಿ ಯಾರ ಹತ್ತಿರ ಅಂತ ಕೇಳಿದೆ. ‘ಅವರು ರಜೆ ಸಾರ್’ ಅಂದರು. ಹತ್ತು ಪೈಸೆ ಅಂಗಡಿಗಳು ಒಂದೊಂದಾಗಿ ಮುಚ್ಚಿದವು. ಒಂದರ ಜಾಗದಲ್ಲಿ ಈಗ ಮೊಬೈಲ್ ರೀಚಾರ್ಜ್, ಇನ್ನೊಂದರಲ್ಲಿ ಗೋಬಿ ಮಂಚೂರಿ. ಆ ಹೆಂಗಸರೆಲ್ಲ ಟೀವಿ ಮುಂದೆ ಕೂತರು ಅಂತ ನಾವು ಗಂಡಸರು ಭಾಷಣ ಮಾಡುತ್ತೇವೆ. ಕೂರದೆ ಏನು ಮಾಡಬೇಕಿತ್ತು? ಟೀವಿ ಧಾರಾವಾಹಿ ಸಾವಿರ ಕಂತು ದಾಟಿದರೂ ಮುಗಿಯುವುದಿಲ್ಲ. ಟಿಆರ್‌ಪಿ ಇದ್ದರೆ ಸತ್ತವನೂ ವಾಪಸ್ ಬರುತ್ತಾನೆ. ನಮ್ಮದು ಆರು ತಿಂಗಳಿಗೆ ಮುಗಿಯುತ್ತದೆ, ಸತ್ತವನು ಸತ್ತೇ ಇರುತ್ತಾನೆ. ಇದು ನಮ್ಮ ಹೆಚ್ಚುಗಾರಿಕೆ ಅಂತ ಯಾರೂ ಹೇಳದ್ದರಿಂದ ನಾನೇ ಹೇಳಿಕೊಳ್ಳುತ್ತಿದ್ದೇನೆ.

ಸಾಹಿತ್ಯದ ಸಭೆಗಳಿಗೆ ನಾನೂ ಹೋಗುತ್ತೇನೆ. ಓದುಗರು ಕಡಿಮೆಯಾದರು ಅನ್ನುವ ಗೋಷ್ಠಿ ತಪ್ಪದೆ ಇರುತ್ತದೆ. ವೇದಿಕೆ ಮೇಲೆ ಏಳು ಜನ, ಕೆಳಗೆ ಹದಿನೈದು. ವರ್ಷಕ್ಕೆ ನಾಲ್ಕು ಕಾದಂಬರಿ ಬರೆದು ಮನೆಮನೆಗೂ ಮುಟ್ಟಿಸಿದ ಹೆಂಗಸನ್ನು ಆ ವೇದಿಕೆಗೆ ಕರೆದದ್ದು ನಾನಂತೂ ನೋಡಿಲ್ಲ. ಊಟದ ಸಾಲಿನಲ್ಲಿ ಮಾತ್ರ ಒಬ್ಬರು ಕವಿಗಳು ಪಿಸುಗುಟ್ಟಿದರು: ‘ನಮ್ಮ ಮನೆಯಲ್ಲೂ ನಿಮ್ಮ ಧಾರಾವಾಹಿ ಕಾಯ್ತಾರೆ. ಮುಂದಿನ ವಾರ ಆ ಮದುವೆ ಆಗುತ್ತಾ?’ ಮನೆಯಲ್ಲಿ ಅಂದರೆ ಯಾರು ಅಂತ ನಾನು ಕೇಳಲಿಲ್ಲ.

ನಿಮ್ಮನ್ನು ಬೈದೆ ಅಂದುಕೊಳ್ಳಬೇಡಿ. ನಿಮ್ಮ ಅಕ್ಷರ ಮುತ್ತಿನಂತಿದೆ, ಒತ್ತಕ್ಷರ ಒಂದೂ ತಪ್ಪಿಲ್ಲ. ಇಂಥ ಪತ್ರ ಈಗ ತಿಂಗಳಿಗೆ ಒಂದು ಬಂದರೆ ಹೆಚ್ಚು. ಆದರೆ ಒಂದು ಮಾತು ಕೇಳಲೇ? ಕಪಾಟಿನಲ್ಲಿ ಎಲ್ಲರೂ ಇದ್ದಾರೆ ಅಂದಿರಿ. ಕೊನೇ ಸಲ ಆ ಬಾಗಿಲು ತೆಗೆದದ್ದು ಯಾವಾಗ? ನನ್ನ ಕಪಾಟು ದಸರೆಯ ಪೂಜೆಗೆ ತೆಗೆದದ್ದು, ಆಮೇಲೆ ತೆಗೆದಿಲ್ಲ. ಅದಕ್ಕೇ ಕೇಳಿದೆ.

ಇನ್ನೊಂದು ಸ್ವಂತ ಕೆಲಸ. ನಮ್ಮ ಆಫೀಸಿನ ಹಳೇ ಸಂಚಿಕೆಗಳಲ್ಲಿ ಎರಡು ವರ್ಷದ್ದು ಗೆದ್ದಲು ತಿಂದು ಹೋಗಿದೆ. ಆಗಿನ ಒಂದು ಕಾದಂಬರಿಯ ಕೊನೇ ಮೂರು ಕಂತು ನಮ್ಮಲ್ಲೇ ಇಲ್ಲ. ನಿಮ್ಮ ಮನೆಯವರ ಹತ್ತಿರ ಇದ್ದೀತು ಅಂತ ನನಗೆ ಬಲವಾದ ಅನುಮಾನ. ಅಮ್ಮಾವ್ರು ಒಪ್ಪಿದರೆ ಜೆರಾಕ್ಸ್ ಮಾಡಿಸಿ ಕಳಿಸಿ, ಖರ್ಚು ನಮ್ಮದು. ದಾರ ಬಿಚ್ಚುವ ಮುಂಚೆ ಅವರನ್ನು ಒಂದು ಮಾತು ಕೇಳಿ.